ಕೀಲೆಣ್ಣೆ ಕುಡಿದ ಕಾರು

ನಮ್ಮ ಮನೆಯಲ್ಲಿ ಆ ಕಾಲಕ್ಕೇ ಒಂದು ಕಾರಿತ್ತು ಎಂದು ಹೇಳಲು ನನಗೆ ಈಗಲೂ ಆಯಾಸವಾಗುತ್ತದೆ. ಕೇಳಿದವರು ಹುಬ್ಬೇರಿಸುತ್ತಾರೆ, ಯಾವ ಕಾರು, ಎಷ್ಟು ವರ್ಷ ಓಡಿತು ಎಂದು ವಿಚಾರಿಸುತ್ತಾರೆ. ಓಡಿದ್ದು ಒಂದು ವರ್ಷವೂ ಇಲ್ಲ. ನಿಂತಿದ್ದು ಮಾತ್ರ ನನ್ನ ಮದುವೆಯವರೆಗೆ. ಶಿವಮೊಗ್ಗದ ಹೊಸಮನೆ ಕೇರಿಯ ನಮ್ಮ ಹಿತ್ತಲ ಕೊಟ್ಟಿಗೆಯಲ್ಲಿ, ಎತ್ತುಗಳ ಪಕ್ಕದಲ್ಲಿ, ಗೋಣಿತಾಟು ಹೊದ್ದುಕೊಂಡು ಅದು ನಿಂತೇ ಇತ್ತು. ಪಕ್ಕದ ಮನೆಯ ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆಯಿಡುತ್ತಿದ್ದವು. ನಾನು ಮೊದಲ ಬಾರಿಗೆ ಸೀರೆ ಉಟ್ಟ ದಿನ ಕನ್ನಡಿ ಸಿಗದೆ ಅದರ ಗಾಜಿನಲ್ಲೇ ಮುಖ ನೋಡಿಕೊಂಡಿದ್ದೆ. ಅಷ್ಟು ಉಪಯೋಗಕ್ಕೆ ಬಂತು ಎನ್ನಬಹುದು. ಆದರೆ ಅದರ ಗೇರುಗಳು ಒಂದೊಂದಾಗಿ ಸತ್ತ ಆ ಕೆಲವು ತಿಂಗಳಲ್ಲಿ ನನಗೆ ನಮ್ಮ ಮನೆ ಅರ್ಥವಾಯಿತು, ಅಮ್ಮ ಅರ್ಥವಾದಳು. ಹತ್ತು ವರ್ಷದ ಹುಡುಗಿಗೆ ಅಷ್ಟೆಲ್ಲ ಅರ್ಥವಾಗಬೇಕಾಗಿರಲಿಲ್ಲ.

ನಮ್ಮದು ಮುಂದಿನಿಂದ ನೋಡಿದರೆ ಸಣ್ಣ ಮನೆ, ಒಳಗೆ ಹೋದಷ್ಟೂ ಉದ್ದ. ಪಡಸಾಲೆ, ನಡುಮನೆ, ಹೊಗೆ ಹಿಡಿದ ಅಡುಗೆಮನೆ, ಅದರಾಚೆ ಹಿತ್ತಲು, ಹಿತ್ತಲಿಗೆ ಅಂಟಿಕೊಂಡು ಕೊಟ್ಟಿಗೆ. ನಾಲ್ಕು ಗಾಡಿ, ಎಂಟು ಎತ್ತು, ನಾಲ್ವರು ಗಾಡಿಯಾಳುಗಳು. ರೈಲಿನಲ್ಲಿ ಬಂದ ಮೂಟೆಗಳನ್ನು ಶಿವಮೊಗ್ಗದ ಮಂಡಿಗಳಿಗೂ ಮಂಡಿಯ ಸರಕನ್ನು ಸ್ಟೇಷನ್ನಿಗೂ ಸಾಗಿಸುವುದು ಅಪ್ಪನ ಕಸುಬು. ಊರಿನವರಿಗೆ ನಾವು ಗಾಡಿಮನೆಯವರು. ಗಾಡಿಯಾಳುಗಳ ಊಟ ನಮ್ಮಲ್ಲೇ, ಹಾಗಾಗಿ ಬೆಳಗ್ಗೆ ಎದ್ದರೆ ಅಮ್ಮ ಮುದ್ದೆ ತಿರುವುವ ಕೋಲು ಹಿಡಿದೇ ಇರುತ್ತಿದ್ದಳು. ವಾರದಲ್ಲಿ ಒಂದು ದಿನ, ಸೋಮವಾರ, ಅವಳಿಗೆ ಬಿಡುವು. ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವಂತಿರಲಿಲ್ಲ, ಅದು ಬಸವಣ್ಣನ ದಿನ. ಯಾರ ಮದುವೆ, ಯಾರ ಸಾವು, ಯಾವ ಸಾಹುಕಾರನ ತುರ್ತು ಎಂದರೂ ಇಲ್ಲ. ಆಳುಗಳು ತಂತಮ್ಮ ಊರಿಗೆ ಹೋಗುತ್ತಿದ್ದರು. ಮನೆಯವರಿಗೆಲ್ಲ ಒಪ್ಪತ್ತು. ಬೆಳಗ್ಗೆ ಲಿಂಗಪೂಜೆ ಮುಗಿಸಿ ಅಮ್ಮ ಗಾಡಿಯ ಅಚ್ಚುಗಳಿಗೆ ಎಣ್ಣೆ ತುಂಬಿ ಕೊಟ್ಟರೆ ಅವಳ ಕೆಲಸ ತೀರಿತು.

ಭದ್ರಾವತಿಯ ಜನ್ನಾಪುರ ಅಮ್ಮನ ತವರು. ಅಲ್ಲಿ ಅವಳ ಅಪ್ಪ, ನನ್ನ ಅಜ್ಜ, ಹಾಸಿಗೆ ಹಿಡಿಯುವ ಸ್ಥಿತಿಗೆ ಬಂದಿದ್ದರು. ಕಣ್ಣಿಗೆ ಮಂಜು ಕವಿದು ಮನುಷ್ಯರ ನೆರಳಷ್ಟೇ ಕಾಣುತ್ತಿತ್ತು. ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಿದ್ದ ಸೋದರಮಾವ, ಅವನ ಹೆಂಡತಿ, ಇಬ್ಬರೂ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೆ ಅಜ್ಜನಿಗೆ ಊಟ ಸೇರುತ್ತಿರಲಿಲ್ಲ. ಅಮ್ಮ ಮೊಸರನ್ನ ಕಲಸಿ ತುತ್ತು ಮಾಡಿ ಕೈಗಿಟ್ಟರೆ ಮಾತ್ರ ಒಂದು ತಟ್ಟೆ ಖಾಲಿಯಾಗುತ್ತಿತ್ತು. ಮೊದಲೆಲ್ಲ ಅಮ್ಮ ವರ್ಷಕ್ಕೆ ಎರಡು ಸಲ ರೈಲಿನಲ್ಲಿ ತವರಿಗೆ ಹೋಗಿಬರುತ್ತಿದ್ದಳು. ಅಪ್ಪ ಸ್ಟೇಷನ್ನಿಗೆ ಬಂದು ಹೆಂಗಸರ ಡಬ್ಬಿಯಲ್ಲಿ ನಮ್ಮಿಬ್ಬರನ್ನೂ ಕೂರಿಸಿ ಕೈಬೀಸುತ್ತಿದ್ದರು, ಭದ್ರಾವತಿಯಲ್ಲಿ ಅಜ್ಜ ಕೊಡೆ ಹಿಡಿದು ಕಾದಿರುತ್ತಿದ್ದರು. ಅದರಲ್ಲಿ ಯಾರಿಗೂ ಯಾವ ಕಷ್ಟವೂ ಕಂಡಿರಲಿಲ್ಲ. ಕಷ್ಟ ಶುರುವಾದದ್ದು ಕಾರು ಬಂದ ಮೇಲೆ.

ಕಾಫಿ ತೋಟ ಮಾರಿ ಸೀಮೆಗೆ, ಎಂದರೆ ಇಂಗ್ಲೆಂಡಿಗೆ, ಹೊರಟಿದ್ದ ಒಬ್ಬ ಬಿಳಿ ದೊರೆಯಿಂದ ಅಪ್ಪ ಅದನ್ನು ಕೊಂಡರು. ಊರಿಗೆ ಲಾರಿಗಳು ಬರುತ್ತಿದ್ದ ಕಾಲ. ಇನ್ನೇನು ಎತ್ತಿನ ಗಾಡಿಯ ಕಾಲ ಮುಗಿಯಿತು ಎಂದು ಮಂಡಿಯ ಕಟ್ಟೆಯ ಮೇಲೆ ಕೂತವರೆಲ್ಲ ಅಪ್ಪನ ಕಿವಿಗೆ ಬೀಳುವ ಹಾಗೆ ಆಡಿಕೊಳ್ಳುತ್ತಿದ್ದರು. ಅವರ ಬಾಯಿ ಮುಚ್ಚಿಸಲು ಬಂದ ಕಾರು ಅದು. ಕಾರಿನ ಜೊತೆಗೆ ಅದರ ಡ್ರೈವರ್ ಬುಡೇನ್ ಸಾಬರೂ ಬಂದರು. ಸಣಕಲು ಮನುಷ್ಯ, ಮೆಲುಮಾತು. ಮೊದಲ ದಿನವೇ ಗೇರಿನ ಕೋಲು ಹಿಡಿದು ಅಪ್ಪನಿಗೆ ಭರವಸೆ ಕೊಟ್ಟಿದ್ದರು.

“ಇದರ ಗೇರ್‌ಬಾಕ್ಸ್ ಬಗ್ಗೆ ಫಿಕರ್ ಬೇಡ ಯಜಮಾನ್ರೇ. ನಿಮ್ಮ ನೀಲಮ್ಮನ ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ.”

ನೀಲಮ್ಮ ಎಂದರೆ ನಾನು. ಕಾರು ಬಂದ ಹೊಸದರಲ್ಲಿ ಅಮ್ಮ ಎಂದಿನಂತೆ ರೈಲಿನಲ್ಲಿ ಜನ್ನಾಪುರಕ್ಕೆ ಹೋಗಿಬಂದಳು. ಮರುದಿನ ಬಜಾರಿನಲ್ಲಿ ಒಬ್ಬ ಸಾಹುಕಾರ ಅಪ್ಪನನ್ನು ತಡೆದು, “ಏನ್ ಮಾರಾಯಾ, ಕಾರು ಪೂಜೆಗಿಟ್ಟಿದೀಯಾ? ಮನೆ ಹೆಂಗಸ್ರು ರೈಲಿಗೆ ನಿಂತಿದ್ರಲ್ಲ,” ಎಂದನಂತೆ. ಅಪ್ಪ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡಲಿಲ್ಲ, ಪಡಸಾಲೆಯಲ್ಲೇ ನಿಂತು ಕಾನೂನು ಮಾಡಿದರು. ಇನ್ನು ಮೇಲೆ ಗಾಡಿಮನೆಯ ಹೆಂಗಸರು ರೈಲು, ಬಸ್ಸು ಹತ್ತಕೂಡದು. ಹೋಗುವುದಾದರೆ ಕಾರಿನಲ್ಲಿ, ಇಲ್ಲದಿದ್ದರೆ ಮನೆಯಲ್ಲಿ. ಅಮ್ಮ ಸಂತೋಷವಾಗಿಯೇ ಒಪ್ಪಿದಳು. ಏಕೆಂದರೆ ಕಾರಿಗೆ ನೊಗವಿಲ್ಲ, ಅದು ಸೋಮವಾರವೂ ಓಡಬಹುದು. ಯುದ್ಧದಿಂದಾಗಿ ಪೆಟ್ರೋಲಿಗೆ ಕೂಪನ್ನು ಬಂದಿದ್ದರೂ ವಾರಕ್ಕೊಮ್ಮೆ ಭದ್ರಾವತಿಗೆ ಹೋಗಿಬರಲು ಸಾಕಾಗುತ್ತಿತ್ತು. ಸೋಮವಾರ ಬೆಳಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ವರ್ಷಕ್ಕೆ ಎರಡು ಸಲ ಕಾಣುತ್ತಿದ್ದ ಅಪ್ಪನನ್ನು ಅವಳು ವಾರಕ್ಕೊಂದು ಸಲ ಕಾಣತೊಡಗಿದಳು. ಹೊರಡುವ ಮೊದಲು ಸೀಗೆಪುಡಿ, ನಿಂಬೆಹೋಳು ಹಾಕಿ ಕೈಯನ್ನು ಗಸಗಸ ತಿಕ್ಕಿಕೊಳ್ಳುತ್ತಿದ್ದಳು. ಅಚ್ಚಿಗೆ ಹಾಕುವ ಎಣ್ಣೆಯ ಕಮಟು ತವರಿನವರೆಗೂ ಬರುವುದು ಅವಳಿಗೆ ಇಷ್ಟವಿರಲಿಲ್ಲ. ಜನ್ನಾಪುರದ ತಿರುವಿನಲ್ಲಿ ಬುಡೇನ್ ಸಾಬರು ಹಾರನ್ನಿನ ರಬ್ಬರ್ ಬುರುಡೆಯನ್ನು ಮೂರು ಸಲ ಹಿಚುಕುತ್ತಿದ್ದರು. ಜಗಲಿಯ ಮೇಲೆ ಕೂತ ಅಜ್ಜ ಗೋಡೆ ಹಿಡಿದು ಎದ್ದು ನಿಂತು, ಬೀದಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದರು.

“ನನ್ನ ಮಗಳು ಬಂದ್ಲು. ಕಾರಲ್ಲಿ ಬಂದ್ಲು.”

ಈಗ ಕೀಲೆಣ್ಣೆಯ ವಿಷಯ ಹೇಳಬೇಕು. ಗಾಡಿಯ ಕಬ್ಬಿಣದ ಅಚ್ಚಿಗೂ ಗಾಲಿಯ ನಡುವಿನ ಗುಂಬಕ್ಕೂ ನಡುವೆ ಹಾಕುವ ಕಪ್ಪು ಎಣ್ಣೆ ಅದು. ಬತ್ತದ ಹುಲ್ಲನ್ನು ಸುಟ್ಟು, ಆ ಕರಿಯನ್ನು ಹರಳೆಣ್ಣೆಯಲ್ಲಿ ಅರೆದು ಮಾಡುತ್ತಿದ್ದರು. ಬೇರೆಯವರ ಮನೆಗಳಲ್ಲಿ ಅದನ್ನು ಗಾಡಿಯವನೇ ಮಾಡಿಕೊಳ್ಳುತ್ತಾನೆ. ನಮ್ಮ ಮನೆಯಲ್ಲಿ ಮಾತ್ರ ಅದು ಸೊಸೆಯ ಕೆಲಸ. ಮಹಾನವಮಿಗೆ ವಾರ ಇರುವಾಗ ಸೊಸೆ ಮಿಂದು, ವಿಭೂತಿ ಹಚ್ಚಿಕೊಂಡು, ಹಿತ್ತಲಲ್ಲಿ ಹುಲ್ಲು ಸುಟ್ಟು ಆ ವರ್ಷದ ಕೀಲೆಣ್ಣೆ ಅರೆಯಬೇಕು. ಆಯುಧಪೂಜೆಯ ದಿನ ಮನೆಯಲ್ಲಿ ತಿರುಗುವ ವಸ್ತುಗಳಿಗೆಲ್ಲ, ಬಾವಿಯ ರಾಟೆಯಿಂದ ಹಿಡಿದು ಬೀಸುಕಲ್ಲಿನ ಗೂಟದವರೆಗೆ, ಅದರ ಪಾಲು ಸಿಗಬೇಕು. ಅಜ್ಜಿ, ಎಂದರೆ ಅಪ್ಪನ ತಾಯಿ, ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಕೂತು ಅದರ ಉಸ್ತುವಾರಿ ನೋಡುತ್ತಿದ್ದಳು. ಎಣ್ಣೆ ಗಟ್ಟಿಯಾಗಿದ್ದಷ್ಟೂ ಸೊಸೆ ಗಟ್ಟಿಗಿತ್ತಿ ಎಂದು ಅವಳ ಲೆಕ್ಕ. ಆ ವರ್ಷ ಅಮ್ಮ ಯಾರೂ ಹೇಳದೆಯೇ ಎರಡೆರಡು ಸಲ ಅರೆದಳು. ಕಾರಿಗೆಂದು ಒಂದು ಕುಡಿಕೆಯಲ್ಲಿ ಬೇರೆಯೇ ತೆಗೆದಿಟ್ಟು, ಅದಕ್ಕೆ ಇನ್ನೊಂದು ಹಿಡಿ ಬೂದಿ ಸೇರಿಸಿ ಮತ್ತೆ ಅರೆದಳು. ಅಜ್ಜನ ಆರೋಗ್ಯ ಇಳಿಯುತ್ತಿತ್ತು. ಕಾರು ಒಂದು ಸೋಮವಾರವೂ ತಪ್ಪಬಾರದು ಎಂಬ ಆಸೆಯನ್ನೆಲ್ಲ ಅವಳು ಆ ಕುಡಿಕೆಗೇ ಹಾಕಿ ಅರೆದಿದ್ದಳು. ಹಬ್ಬದ ದಿನ ಅಡುಗೆಮನೆಯಿಂದ ಏಳಲಾಗದೆ ಅದನ್ನು ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು.

“ಅಪ್ಪಂಗೆ ಕೊಡು. ಇದು ಕಾರಿನ ಪಾಲು, ಮರೀಬೇಡಿ ಅಂತ ಹೇಳು.”

ಕಾರಿನ ಗಾಲಿಗೆ ಹಾಕುತ್ತಾರೆ ಎಂದೇ ಅವಳು ತಿಳಿದಿದ್ದಳು. ನಾನು ಕುಡಿಕೆ ಹಿಡಿದು ಕೊಟ್ಟಿಗೆಗೆ ಹೋದಾಗ ಬುಡೇನ್ ಸಾಬರು ಕಾರಿನ ನೆಲದ ಹಲಗೆ ಎತ್ತಿ ಗೇರ್‌ಬಾಕ್ಸಿನ ಬಿರಡೆ ಬಿಚ್ಚಿ ನೋಡುತ್ತಿದ್ದರು. ಅದರ ಎಣ್ಣೆ ಇಳಿದಿತ್ತು. ಊರಿನಲ್ಲೆಲ್ಲೂ ಗೇರ್ ಎಣ್ಣೆ ಇರಲಿಲ್ಲ, ಇದ್ದಬದ್ದದ್ದೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ಬೆಂಗಳೂರಿನಿಂದ ಯಾರಾದರೂ ತಂದುಕೊಡುವವರೆಗೆ ಕಾರು ಹೊರಗೆ ತೆಗೆಯುವುದು ಬೇಡ ಎಂದು ಅವರು ಹೇಳುತ್ತಿದ್ದರು. ಅಪ್ಪನ ಕಣ್ಣು ನನ್ನ ಕುಡಿಕೆಯ ಮೇಲೆ ಬಿತ್ತು.

“ಇಲ್ಲೇ ಇದೆಯಲ್ಲೋ ಎಣ್ಣೆ! ತಾ ಮಗಳೇ.”

“ಬೇಡ ಯಜಮಾನ್ರೇ. ಇದು ಗಾಡಿ ಅಚ್ಚಲ್ಲ. ಇದರ ಒಳಗೆ ಹಲ್ಲಿನ ಚಕ್ರ ಇರ್ತಾವೆ, ಭಾರಿ ನಾಜೂಕು.”

“ಕಬ್ಬಿಣಕ್ಕೆ ಕಬ್ಬಿಣ ತಿಕ್ಕೋ ಕಡೆ ಏನ್ ಹಾಕ್ಬೇಕು ಅಂತ ಗಾಡಿಮನೆಯವನಿಗೆ ಹೇಳ್ಕೊಡ್ತೀಯೇನಯ್ಯಾ? ಮೂರು ತಲೆಮಾರು ಗಾಲಿ ತಿರುಗಿಸಿದೀವಿ. ಒಂದು ಅಚ್ಚಾದ್ರೂ ಸವೆದಿದ್ದು ನೋಡಿದೀಯಾ?”

ಬುಡೇನ್ ಸಾಬರು ಹಿಂದೆ ಸರಿದು ನಿಂತರು. ಅಪ್ಪ ಅದಕ್ಕೆ ಇನ್ನಷ್ಟು ಹರಳೆಣ್ಣೆ ಬೆರೆಸಿ ತೆಳುಮಾಡಿದರು. ಗೋಡೆಗೆ ನೇತುಹಾಕಿದ್ದ ಬಿದಿರಿನ ಗೊಟ್ಟವನ್ನು ತೆಗೆದುಕೊಂಡರು. ಎತ್ತುಗಳಿಗೆ ಹೊಟ್ಟೆಯುಬ್ಬರವಾದಾಗ ಬಾಯಗಲಿಸಿ ಔಷಧ ಹುಯ್ಯುವ ಗೊಟ್ಟ ಅದು. ಅದರಲ್ಲೇ ತುಂಬಿ ತುಂಬಿ, ಎತ್ತಿಗೆ ಹುಯ್ದಷ್ಟೇ ಅಕ್ಕರೆಯಿಂದ ಕಾರಿಗೆ ಕುಡಿಸಿದರು. ಆಮೇಲೆ ಕುಂಬಳಕಾಯಿ ಒಡೆದು, ನಾಲ್ಕೂ ಗಾಲಿಗೆ ನಿಂಬೆಹಣ್ಣಿಟ್ಟು, ಎಲ್ಲರಿಗೂ ಸಿಹಿ ಹಂಚಿದರು. ನಾನು ಎರಡು ಹೋಳಿಗೆ ತಿಂದೆ.

ಮೊದಲು ಹೋದದ್ದು ಟಾಪ್ ಗೇರು. ದೀಪಾವಳಿಯ ಹೊತ್ತಿಗೆ ಅದು ಹಾಕಿದ ಜಾಗದಲ್ಲಿ ನಿಲ್ಲದೆ ಹಾರಿ ಹೊರಗೆ ಬೀಳತೊಡಗಿತು. ಬುಡೇನ್ ಸಾಬರು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಗೇರಿನ ಕೋಲನ್ನು ಒತ್ತಿ ಹಿಡಿದೇ ಭದ್ರಾವತಿಯವರೆಗೆ ಓಡಿಸುತ್ತಿದ್ದರು. ಕಾರ್ತಿಕ ಕಳೆಯುವಷ್ಟರಲ್ಲಿ ಎರಡನೆಯದು ಊಳಿಡಲು ಶುರುಮಾಡಿ, ಒಂದು ದಿನ ಊಳನ್ನೂ ನಿಲ್ಲಿಸಿತು. ಉಳಿದದ್ದು ಮೊದಲನೆಯ ಗೇರು. ಅದರಲ್ಲಿ ಸೈಕಲ್ಲಿನವರು ನಮ್ಮನ್ನು ದಾಟಿ ಹೋಗುತ್ತಿದ್ದರು, ಎಂಜಿನ್ನಿನ ನೀರು ಕುದಿದು ನಾಲ್ಕು ಕಡೆ ನಿಲ್ಲಬೇಕಾಗುತ್ತಿತ್ತು. ನಾನು ಬಿಂದಿಗೆ ಹಿಡಿದು ಹಳ್ಳಕ್ಕೆ ಓಡುವುದು, ಅಮ್ಮ ಅಜ್ಜನಿಗೆಂದು ಕಟ್ಟಿಕೊಂಡ ಮೊಸರಿನ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲಲ್ಲಿ ಕೂರುವುದು. ನಾವು ತಲುಪುವಷ್ಟರಲ್ಲಿ ಮೊಸರು ಹುಳಿ. ಅಜ್ಜನ ಜೊತೆ ಒಂದು ಗಂಟೆ ಕೂರುವಷ್ಟರಲ್ಲಿ ವಾಪಸ್ಸು ಹೊರಡುವ ಹೊತ್ತು. ನನಗೆ ಸೋಮವಾರ ಎಂದರೆ ಸಾಕುಸಾಕಾಗಿತ್ತು. ಅಮ್ಮನಿಗೆ ಆಗಿತ್ತೋ ಇಲ್ಲವೋ, ಅವಳು ಹೇಳಲಿಲ್ಲ. ರೈಲಿನ ಮಾತು ಅವಳ ಬಾಯಿಂದ ಒಂದೇ ಸಲ ಬಂತು. ಅಪ್ಪ, “ಕಾರು ಓಡ್ತಾ ಇರುವಾಗ ರೈಲು ಯಾಕೆ?” ಎಂದರು. ಕಾರು ಓಡುತ್ತಿತ್ತು ಎಂಬುದು ಅವರ ಪ್ರಕಾರ ನಿಜ.

ಒಂದು ಸೋಮವಾರ ಸಂಜೆ ವಾಪಸ್ಸು ಬರುವಾಗ, ತುಂಗೆಯ ಸೇತುವೆಗೆ ಇನ್ನೂ ಸ್ವಲ್ಪ ದೂರ ಇರುವಂತೆ, ಕಾರಿನ ಹೊಟ್ಟೆಯಲ್ಲಿ ಕಟಕಟ ಸದ್ದಾಯಿತು. ಮೊದಲನೆಯ ಗೇರೂ ಹೋಯಿತು. ಬುಡೇನ್ ಸಾಬರು ಕೋಲನ್ನು ಎಲ್ಲ ಕಡೆ ಎಳೆದಾಡಿ, ಕೊನೆಗೆ ಹಿಂದೆ ತಿರುಗಿ ಅಮ್ಮನಿಗೆ ಹೇಳಿದರು.

“ಅಮ್ಮಾವ್ರೇ, ಹಿಂದಕ್ಕೆ ಹೋಗೋ ಗೇರು ಒಂದು ಉಳ್ಕೊಂಡಿದೆ. ಬೇಕಾದ್ರೆ ಇಳಿದು ನಡೀರಿ. ಕೂತಿದ್ರೆ ಹಂಗೇ ಕರ್ಕೊಂಡ್ ಹೋಗ್ತೀನಿ.”

ಕಾರಿದ್ದವರ ಮನೆಯ ಹೆಂಗಸು ನಡೆದು ಬಂದಳು ಎಂದರೆ ಅಪ್ಪ ಏನೆನ್ನುವರೋ ಎಂದು ಅಮ್ಮ ಕೂತೇ ಇದ್ದಳು. ಬುಡೇನ್ ಸಾಬರು ಕಾರನ್ನು ಹೇಗೋ ತಿರುಗಿಸಿ, ಕತ್ತನ್ನು ಹೊರಗೆ ಚಾಚಿ, ಹಿಂದು ಹಿಂದಕ್ಕೆ ಸೇತುವೆ ದಾಟಿಸಿ ಬಜಾರಿನೊಳಗೆ ತಂದರು. ಬೆನ್ನು ಮೊದಲು, ಮುಖ ಆಮೇಲೆ. ಕಾರಿನ ಬೆನ್ನು ಹತ್ತಿದ ಮಕ್ಕಳೆಲ್ಲ ನಮ್ಮ ಮುಖಕ್ಕೆ ಎದುರಾಗಿಯೇ ಓಡಿಬರುತ್ತಿದ್ದರು, ಕೇಕೆ ಹಾಕುತ್ತಿದ್ದರು. ಅಮ್ಮ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಮಂಡಿಯ ಕಟ್ಟೆಯಲ್ಲಿ ಕೂತಿದ್ದ ಅಪ್ಪ ತಮ್ಮ ಕಾರು, ತಮ್ಮ ಹೆಂಡತಿ, ತಮ್ಮ ಮಗಳು ಹಿಂದುಮುಂದಾಗಿ ಮೆರವಣಿಗೆ ಹೋಗುವುದನ್ನು ಕಣ್ಣಾರೆ ನೋಡಿದರು. ಪಕ್ಕದಲ್ಲಿ ಯಾರೋ, “ಸೊಸೆ ತವರಿಗೆ ಮುಖ ಮಾಡ್ಕೊಂಡೇ ಗಂಡನ ಮನೆಗೆ ಬರ್ತಾ ಇದಾಳೆ ನೋಡ್ರೋ,” ಎಂದದ್ದು ನನಗೂ ಕೇಳಿಸಿತು. ಅವಮಾನವೆಂದರೆ ಏನೆಂದು ನನಗೆ ಗೊತ್ತಾದದ್ದು ಆಗ.

ಅಪ್ಪ ಕೊಟ್ಟಿಗೆಗೆ ಬಂದವರೇ ಬುಡೇನ್ ಸಾಬರ ಮೇಲೆ ಬಿದ್ದರು.

“ವರ್ಷ ತುಂಬಿಲ್ಲ ಕಣೋ! ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ ಅಂದಿದ್ದೆಯಲ್ಲ? ನಿನ್ನ ಕಾಲು ಮೂರು ಹೊತ್ತೂ ಕ್ಲಚ್ಚಿನ ಮೇಲೇ ಬಿದ್ದಿರುತ್ತೆ. ದೊರೆ ಕಾರು ಅಂದಾಗ ಜೋಪಾನ, ನನ್ನ ಕಾರು ಅಂದ್ರೆ ಅಸಡ್ಡೆ.”

“ಖುದಾನ ಆಣೆಗೂ ನನ್ನ ಕಾಲಿನ ತಪ್ಪಿಲ್ಲ ಯಜಮಾನ್ರೇ. ಅವತ್ತು ಹಬ್ಬದ ದಿನ ನಾನು ಹೇಳಿದ್ದೆ…”

“ಬಾಯ್ಮುಚ್ಚು. ನಾಳೆಯಿಂದ ಬರಬೇಡ.”

ಬುಡೇನ್ ಸಾಬರು ಗೋಡೆಯ ಮೇಲಿನ ಗೊಟ್ಟವನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಕಾರು ಶುರುಮಾಡುವ ಹ್ಯಾಂಡಲನ್ನು ಗೊಟ್ಟದ ಪಕ್ಕದ ಮೊಳೆಗೆ ನೇತುಹಾಕಿ, ಟೋಪಿ ಸರಿಮಾಡಿಕೊಂಡು ಹೊರಟುಹೋದರು. ನನಗೆ ಎಲ್ಲ ಗೊತ್ತಿತ್ತು. ಅಪ್ಪನೆದುರು ನನ್ನ ನಾಲಗೆ ಏಳಲಿಲ್ಲ. ಮರುದಿನ ಬೆಳಗ್ಗೆ ಅಮ್ಮ ನನ್ನ ತಲೆ ಬಾಚುವಾಗ ಹಬ್ಬದ ದಿನ ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳ ಕೈ ನಿಂತಿತು. ಆಮೇಲೆ ಮತ್ತೆ ಬಾಚತೊಡಗಿದಳು, ಆದರೆ ಜಡೆ ಸೊಟ್ಟಗೆ ಬಂತು.

ಆ ವಾರವೇ ಭದ್ರಾವತಿಯಿಂದ ಆರುಮುಗಂ ಮೇಸ್ತ್ರಿ ಬಂದರು. ಕಾರ್ಖಾನೆಯ ಕೆಲಸ ಬಿಟ್ಟು ಸ್ವಂತಕ್ಕೆ ರಿಪೇರಿ ಮಾಡುತ್ತಿದ್ದವರು. ಕಾರಿನಡಿಯಲ್ಲಿ ಮಲಗಿ ಅರ್ಧ ದಿನ ಒದ್ದಾಡಿ ಗೇರ್‌ಬಾಕ್ಸನ್ನು ಇಳಿಸಿ, ಗೋಣಿಯ ಮೇಲಿಟ್ಟು ಬಿಚ್ಚಿದರು. ಒಳಗಿನಿಂದ ಕರಿ ರಾಡಿ ಸುರಿಯಿತು. ಹಲ್ಲಿನ ಚಕ್ರಗಳಲ್ಲಿ ಹಲ್ಲೇ ಇರಲಿಲ್ಲ, ಮುದುಕರ ದವಡೆ ಹಾಗೆ ನುಣ್ಣಗಾಗಿದ್ದವು. ಮೇಸ್ತ್ರಿ ಆ ರಾಡಿಯನ್ನು ಬೆರಳಲ್ಲಿ ಹೊಸಕಿ ನೋಡಿ, ಹೊಸ್ತಿಲಲ್ಲಿ ಕೂತಿದ್ದ ಅಜ್ಜಿಯನ್ನು ಕೇಳಿದರು.

“ಪಾಟಿಯಮ್ಮಾ, ನಿಮ್ಮನೇಲಿ ಪಾತ್ರೆ ಯಾವುದರಲ್ಲಿ ತಿಕ್ಕುತೀರಿ?”

“ಬೂದೀಲಿ. ಇನ್ಯಾವುದರಲ್ಲಿ?”

“ಬೂದಿ ತಾನೇ? ಇದರೊಳಗೂ ಅದೇ ಬೂದಿ. ಎರಡು ತಿಂಗಳು ತಿಕ್ಕಿದೆ, ಹಲ್ಲೆಲ್ಲ ತೊಳೆದುಬಿಟ್ಟಿದೆ. ಗಾಡಿ ಅಚ್ಚು ಸಾಮಿ, ಅದು ಮೆಲ್ಲ ತಿರುಗುತ್ತೆ, ದಪ್ಪ ಕಬ್ಬಿಣ, ತಡಕೊಳ್ಳುತ್ತೆ. ಇದು ತಡಕೊಳ್ಳಲ್ಲ.”

ಅಪ್ಪನ ಮುಖ ಬೇರೆ ಕಡೆ ತಿರುಗಿತು.

“ಆ ಬುಡೇನ್ ಏನೋ ಸುರಿದಿರ್ಬೇಕು.”

ಆಗ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ಹೊರಗಿನ ಗಂಡಸರಿದ್ದಾಗ ಅವಳು ಕೊಟ್ಟಿಗೆಗೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಆ ರಾಡಿಗೆ ಒಂದು ಬೆರಳು ಅದ್ದಿ, ಮೂಗಿಗೆ ಹಿಡಿದಳು.

“ಇದು ನಾನು ಅರೆದಿದ್ದು.”

“ನೀನು ಒಳಗೆ ಹೋಗು.”

“ಒಂದು ಹಿಡಿ ಬೂದಿ ಹೆಚ್ಚಿಗೆ ಹಾಕಿದ್ದೆ. ಕಾರಿನ ಪಾಲು ಅಂತ ನಾನೇ ಹೇಳ್ಕಳ್ಸಿದ್ದೆ. ಸಾಬ್ರು ಬೇಡ ಬೇಡ ಅಂದ್ರಂತೆ. ಅವರ ತಪ್ಪಿಲ್ಲ, ಅವರನ್ನ ಕರೆಸ್ಕೊಳ್ಳಿ.”

ಗೊಟ್ಟ ಹಿಡಿದವರು ಯಾರು ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅದು ಅಲ್ಲೇ ನೇತಾಡುತ್ತಿತ್ತು. ಅಪ್ಪ ಮಂಡಿಗೆ ಹೋದರು. ಬುಡೇನ್ ಸಾಬರಿಗೆ ಹೇಳಿ ಕಳಿಸಿದ್ದೇನೋ ನಿಜ, ಆದರೆ ಅವರು ಅಷ್ಟರಲ್ಲಿ ಯಾರದೋ ಲಾರಿಗೆ ಸೇರಿಯಾಗಿತ್ತು.

ಹೊಸ ಚಕ್ರಗಳು ಸೀಮೆಯಿಂದಲೇ ಬರಬೇಕು, ಯುದ್ಧ ಮುಗಿಯುವವರೆಗೆ ಅವು ಬರುವುದಿಲ್ಲ ಎಂದು ಮೇಸ್ತ್ರಿ ಅಂದೇ ಹೇಳಿದ್ದರೆ ಅಮ್ಮನಿಗೆ ಉಪಕಾರವಾಗುತ್ತಿತ್ತು. ಪಾಪ, ಒಳ್ಳೆಯ ಮನುಷ್ಯ, ಹಾಗೆ ಹೇಳಲಿಲ್ಲ. ತಮಗೆ ಗೊತ್ತಿದ್ದ ಒಬ್ಬ ಲೇತ್ ಯಂತ್ರದವನ ಹತ್ತಿರ ಚಕ್ರಕ್ಕೆ ಹೊಸ ಹಲ್ಲು ಕೊಯ್ಯಿಸಿ ನೋಡುತ್ತೇನೆ, ಮುಂದಿನ ವಾರ ಬರುತ್ತೇನೆ ಎಂದರು. ಆ ‘ಮುಂದಿನ ವಾರ’ ಅಪ್ಪನಿಗೆ ಸಿಕ್ಕಿತು, ಗಟ್ಟಿಯಾಗಿ ಹಿಡಿದುಕೊಂಡರು. ಕಾರು ಕೆಟ್ಟಿಲ್ಲ, ರಿಪೇರಿಯಲ್ಲಿದೆ. ರಿಪೇರಿಯಲ್ಲಿರುವಾಗ ರೈಲು ಹತ್ತಿದರೆ ಕೆಟ್ಟಿದೆ ಎಂದು ನಾವೇ ಡಂಗುರ ಹೊಡೆದಂತೆ. ಒಂದು ಸೋಮವಾರ ಹೋಯಿತು, ಇನ್ನೊಂದು ಹೋಯಿತು. ಎತ್ತಿನ ಗಾಡಿಯಲ್ಲಿ ಹೋಗೋಣವೆಂದರೆ ಸೋಮವಾರ ನೊಗವಿಲ್ಲ, ಬೇರೆ ದಿನ ಆಳುಗಳಿಗೆ ಬೇಯಿಸುವವರಿಲ್ಲ. ಅಮ್ಮ ಪ್ರತಿ ಸೋಮವಾರ ಮೊಸರು ಹೆಪ್ಪುಹಾಕಿ ಗಡಿಗೆಯಲ್ಲಿ ತೆಗೆದಿಡುವಳು, ಸಂಜೆ ಅದನ್ನು ಮಜ್ಜಿಗೆ ಮಾಡುವಳು. ಊಟಕ್ಕೆ ಕೂತಾಗ ಅಪ್ಪ ಒಮ್ಮೆ ಮಜ್ಜಿಗೆ ಹುಳಿ ಎಂದರು. ಅಮ್ಮ, “ಹೌದು,” ಎಂದಳು. ಮೂರನೆಯ ಸೋಮವಾರ, ನಾಲ್ಕನೆಯದು, ಐದನೆಯದು. ಜಗಳವಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಆ ಮನೆಯಲ್ಲಿ ಆಗ ಇದ್ದದ್ದು ಜಗಳವಲ್ಲ, ದಣಿವು. ಎಲ್ಲರಿಗೂ ಸಾಕಾಗಿತ್ತು, ಯಾರೂ ಬಿಡುವಂತಿರಲಿಲ್ಲ. ನನಗೆ ಅಪ್ಪನ ಮೇಲೆ ಸಿಟ್ಟಿತ್ತು. ಕುಡಿಕೆ ಹೊತ್ತು ಹೋದ ನನ್ನ ಕೈಗಳ ಮೇಲೂ ಸಿಟ್ಟಿತ್ತು.

ಆರನೆಯ ಸೋಮವಾರ ಬೆಳಗ್ಗೆ ಜನ್ನಾಪುರದ ಕಡೆಯಿಂದ ಮಂಡಿಗೆ ಬಂದ ಬೇರೆ ಮನೆಯ ಗಾಡಿಯವನೊಬ್ಬ ಸುದ್ದಿ ತಂದ. ನಾಲ್ಕು ದಿನದಿಂದ ಅಜ್ಜ ನೀರು ಬಿಟ್ಟು ಬೇರೇನೂ ಮುಟ್ಟಿಲ್ಲ. ಅಪ್ಪ ಹಲ್ಲುಜ್ಜುತ್ತ ನಿಂತಿದ್ದವರು, “ಬುಧವಾರ ಮೇಸ್ತ್ರಿ ಬರ್ತಾನೆ,” ಎಂದು ಹೇಳಿ ಮಂಡಿಗೆ ಹೊರಟುಹೋದರು. ಅಮ್ಮ ಲಿಂಗಪೂಜೆ ಮಾಡಿದಳು. ಕೊಟ್ಟಿಗೆಗೆ ಹೋಗಿ ನಾಲ್ಕೂ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದಳು. ಬಂದು ಕೈಯನ್ನು ಬರೀ ನೀರಲ್ಲಿ ತೊಳೆದುಕೊಂಡಳು, ಸೀಗೆಪುಡಿಯನ್ನು ಮುಟ್ಟಲಿಲ್ಲ. ಮೊಸರಿನ ಗಡಿಗೆ ಎತ್ತಿಕೊಂಡು, ನನ್ನ ಕೈ ಹಿಡಿದು ಪಡಸಾಲೆಗೆ ಬಂದಳು. ಅಲ್ಲಿ ಅಜ್ಜಿ ಕೂತಿದ್ದಳು. ಸೊಸೆಯ ವಿಷಯದಲ್ಲಿ ಮಗನಿಗಿಂತ ಬಿಗಿ ಅವಳು.

“ಅತ್ತೆ, ನಾನು ಹೋಗ್ತೀನಿ.”

ಅಜ್ಜಿ ಸೊಸೆಯ ಕೈಯ ಕಪ್ಪನ್ನು ನೋಡಿದಳು.

“ರೈಲು ಹತ್ತೂವರೆಗೆ. ಬೇಗ ಬೇಗ ಹೆಜ್ಜೆ ಹಾಕು. ನಾನು ನನ್ನಪ್ಪನ್ನ ನೋಡೋಕೆ ಹೋಗ್ಲಿಲ್ಲ ಮಾರಾಯ್ತಿ, ಯಾರೋ ಏನೋ ಅಂತಾರೆ ಅಂತ.”

ಹಿತ್ತಲ ಓಣಿಯಿಂದ ಹೋಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಅಮ್ಮ ಬಜಾರಿನ ನಡುವೆಯೇ ನಡೆದಳು. ಸೆರಗು ಹೆಗಲ ಮೇಲಿತ್ತು, ಮುಖದ ಮೇಲೆ ಇರಲಿಲ್ಲ. ಮಂಡಿಯ ಕಟ್ಟೆಯ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ಎದ್ದು ಬೀದಿಗಿಳಿದು ನಮ್ಮ ಎದುರು ನಿಂತರು. ಸುತ್ತಲೂ ನೋಡಿ ದನಿ ತಗ್ಗಿಸಿದರು.

“ಒಂದು ಜಟಕಾನಾದ್ರೂ ಮಾಡ್ಸಿಕೊಡ್ತೀನಿ. ನಿಲ್ಲು.”

“ಬೇಡಿ. ರೈಲು ತಪ್ಪುತ್ತೆ.”

ಅವರನ್ನು ಬಳಸಿಕೊಂಡು ಅಮ್ಮ ಮುಂದೆ ನಡೆದಳು. ನಾನು ಹಿಂದಿರುಗಿ ನೋಡಿದೆ. ಅಪ್ಪ ಬೀದಿಯ ನಡುವೆ ಹಾಗೇ ನಿಂತಿದ್ದರು, ಕೈಯನ್ನು ಸ್ವಲ್ಪ ಎತ್ತಿದ್ದರು, ಹಿಂದೆ ರೈಲು ಹೊರಟಾಗ ಬೀಸುತ್ತಿದ್ದರಲ್ಲ ಹಾಗೆ. ಬೀಸಲಿಲ್ಲ. ಅವರ ಮೇಲಿನ ಸಿಟ್ಟು ನನಗೆ ಅಲ್ಲಿಗೆ ಮುಗಿಯಿತು, ಆಮೇಲೆ ಉಳಿದದ್ದು ಮರುಕ ಮಾತ್ರ. ರೈಲಿನಲ್ಲಿ ಒಂದು ಗಂಟೆಯೂ ಹಿಡಿಯಲಿಲ್ಲ. ನೀರು ಕುದಿಯಲಿಲ್ಲ, ನಾನು ಬಿಂದಿಗೆ ಹಿಡಿದು ಎಲ್ಲಿಗೂ ಓಡಬೇಕಾಗಲಿಲ್ಲ.

ಅಜ್ಜ ಜಗಲಿಯ ಮೇಲೇ ಇದ್ದರು. ಎಷ್ಟು ಹೇಳಿದರೂ ಸೋಮವಾರ ಮಾತ್ರ ಒಳಗೆ ಮಲಗುವುದಿಲ್ಲವೆಂದು ಹಠ ಮಾಡುತ್ತಿದ್ದರಂತೆ. ಹಾಸಿಗೆ ಸುತ್ತಿ ಬೆನ್ನಿಗೆ ಒರಗಿಸಿದ್ದರು. ಅಷ್ಟು ಸಣ್ಣಗಾಗಿದ್ದ ಮನುಷ್ಯನನ್ನು ಕಂಡು ನನಗೆ ಅಳು ಬಂತು. ನಾವು ಮೆಟ್ಟಿಲು ಹತ್ತಿದ ಸದ್ದಿಗೆ ಮುಖ ಎತ್ತಿದರು. ಕಂಡದ್ದು ನೆರಳು.

“ಯಾರಮ್ಮ ಅದು? ಇವತ್ತು ಸೋಮವಾರ ಅಲ್ವಾ? ಕಾರಿನ ಹಾರನ್ ಏನಾದ್ರೂ ಕೇಳ್ತಾ ನೋಡ್ರಮ್ಮ. ನನ್ನ ಮಗಳು ಬರೋಳಿದಾಳೆ.”

ಅಮ್ಮ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಳು. ಅಜ್ಜ ಆ ಕೈಯನ್ನು ಸವರಿ, ಮೆಲ್ಲಗೆ ಮೂಗಿನ ಹತ್ತಿರಕ್ಕೆ ಎತ್ತಿಕೊಂಡರು. ಹತ್ತು ಹನ್ನೆರಡು ವರ್ಷದಿಂದ ಅವಳು ತವರಿನವರಿಂದ ಬಚ್ಚಿಟ್ಟಿದ್ದ ವಾಸನೆ ಅದು.

“ಕೀಲೆಣ್ಣೆ… ಗಂಗಾ? ಸೋಮವಾರ ಎತ್ತು ಕಟ್ಕೊಂಡು ಬಂದ್ಯೇನವ್ವಾ?”

“ಇಲ್ಲಪ್ಪ. ಕಾರು ಕೆಟ್ಟಿದೆ. ರೈಲಲ್ಲಿ ಬಂದೆ.”

ಅಜ್ಜ ಮುಖವನ್ನು ಬೀದಿಯ ಕಡೆ ತಿರುಗಿಸಿದರು. ಕಾರಿಲ್ಲವೆಂದು ಅವರಿಗೂ ಬೇಸರವಾಯಿತೇನೋ ಎಂದು ನಾನು ಹೆದರಿದೆ.

“ಐದು ಸೋಮವಾರ ಇಲ್ಲೇ ಕೂತು ಹಾರನ್ನಿಗೆ ಕಿವಿಕೊಟ್ಟಿದ್ದೆ. ರೈಲಿನ ಸದ್ದು ದಿನಾ ಕೇಳ್ತಿತ್ತು. ಅದರಲ್ಲಿ ನೀನು ಬರಬಹುದು ಅಂತ ನಂಗೂ ಹೊಳೀಲಿಲ್ಲ ನೋಡವ್ವಾ.”

ಅಮ್ಮ ಆಗ ಅತ್ತಳು. ಅಳುತ್ತಲೇ ಅನ್ನ ಕೇಳಿ ತರಿಸಿಕೊಂಡು, ಮೊಸರು ಹಾಕಿ, ಆ ಕಪ್ಪು ಉಗುರಿನ ಕೈಯಲ್ಲೇ ಕಲಸಿದಳು. ಅಜ್ಜ ಮೂರು ತುತ್ತು ತಿಂದರು, ನಾಲ್ಕನೆಯದಕ್ಕೆ ಸಾಕು ಎಂದರು. ಸಂಜೆ ನಾವು ವಾಪಸ್ಸು ಹೋಗಬೇಕಾಗಿದ್ದ ಶಿವಮೊಗ್ಗದ ರೈಲು ಭದ್ರೆಯ ಸೇತುವೆಯ ಮೇಲೆ ಕೂಗಿಕೊಂಡು ಹೋಯಿತು. ನಾನು ಅಮ್ಮನ ಮುಖ ನೋಡಿದೆ. ಅವಳು ಏಳಲಿಲ್ಲ.